ಟೈಟಾನಿಯಂ ಮಿಶ್ರಲೋಹಗಳ ಸೂಕ್ಷ್ಮರಚನೆಯೂ ಚಿಪ್ಪಿನ ಉತ್ಪತ್ತಿಯೂ



ಲೋಹವನ್ನು ಕತ್ತರಿಸುವ ವಿದ್ಯೆಗೂ ಅಧ್ಯಕ್ಷಭಾಷಣಕ್ಕೂ ಹಳೆಯ ನಂಟುಂಟು. 1906ರಲ್ಲಿ ಫ್ರೆಡರಿಕ್ ಟೇಲರರು ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಅಧ್ಯಕ್ಷಪೀಠದಿಂದ ಮಾಡಿದ ಭಾಷಣವೇ ಈ ವಿದ್ಯೆಗೆ ಮೂಲಗ್ರಂಥವಾಯಿತು. ಆ ಪೀಠದ ಎತ್ತರ ನನಗೆ ಎಟುಕತಕ್ಕದ್ದಲ್ಲ. ಆದರೆ ಉಕ್ಕನ್ನೂ ಬೀಡುಕಬ್ಬಿಣವನ್ನೂ ಕುರಿತು ಅವರು ಕಂಡುಕೊಂಡ ವಿವೇಕ ಟೈಟಾನಿಯಮ್ಮಿನ ಎದುರಿಗೆ ಏಕೆ ಸಾಲದಾಗುತ್ತದೆಂದು ವಿಚಾರಿಸುವಷ್ಟು ಸಲುಗೆಯನ್ನು ಸಭೆ ನನಗೆ ಕೊಡುವುದೆಂದು ನಂಬಿದ್ದೇನೆ.

ಮೆದು ಉಕ್ಕನ್ನು ಲೇತಿಗೆ ಕೊಟ್ಟರೆ ಚಿಪ್ಪು ನಯವಾದ ಲಾಡಿಯಂತೆ ಸುತ್ತಿಕೊಂಡು ಬರುತ್ತದೆ; ಟೈಟಾನಿಯಮ್ಮಿನ ಚಿಪ್ಪನ್ನು ಅಡ್ಡಲಾಗಿ ಕೊಯ್ದು, ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟರೆ ಗರಗಸದ ಹಲ್ಲುಗಳ ಸಾಲು ಗೋಚರಿಸುತ್ತದೆ. ಶೇಕಡಾ 6 ಅಲ್ಯೂಮಿನಿಯಮ್ಮನ್ನೂ 4 ವೆನೇಡಿಯಮ್ಮನ್ನೂ ಒಳಗೊಂಡ ಸುಪ್ರಸಿದ್ಧ ಮಿಶ್ರಲೋಹದ ಉಷ್ಣವಾಹಕತೆ ಸಾಮಾನ್ಯ ಉಕ್ಕಿನದರ ಏಳನೆಯ ಒಂದು ಪಾಲಿನಷ್ಟೇ ಆದುದರಿಂದ, ಜಾರುವ ಪದರದಲ್ಲಿ ಹುಟ್ಟಿದ ತಾಪ ಹೊರಗೆ ಹರಿಯಲಾರದೆ ಅಲ್ಲಿಯೇ ಸಂಚಯಗೊಂಡು, ಆ ಪದರವನ್ನು ಮೆತ್ತಗೆ ಮಾಡಿ, ಮೆತ್ತಗಾದೆಡೆಯಲ್ಲಿಯೇ ಮತ್ತಷ್ಟು ಜಾರುವಂತೆ ಪ್ರೇರೇಪಿಸುತ್ತದೆ. ಒಂದು ಹಲ್ಲು ಹೀಗೆ ಕಳಚಿಕೊಂಡ ಬಳಿಕ ಮತ್ತೊಂದು. ಇದು ತಾಪವಾದಿಗಳ ಮತ. ಲೋಹ ಕತ್ತರಿಸುವ ವಿದ್ಯೆಯ ಸಂಶೋಧಕರಾದ ಮಿಲ್ಟನ್ ಷಾ ಮೊದಲಾದವರು ಚಿಪ್ಪಿನ ಹೊರಮೈಯಲ್ಲಿ ಮೂಡುವ ಬಿರುಕೇ ಆದಿಕಾರಣವೆಂದರು. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವುಂಟು. ಆದರೆ ವಾದದ ಭರದಲ್ಲಿ ಲೋಹವನ್ನು ಏಕರೂಪದ ದ್ರವ್ಯವೆಂದು ಗ್ರಹಿಸಿಬಿಡುವ ಅಭ್ಯಾಸ ನನಗೆ ಒಪ್ಪಿತವಲ್ಲ.

ಏಕೆಂದರೆ, ಒಂದೇ ರಾಸಾಯನಿಕ ಸಂಯೋಜನೆಯುಳ್ಳ ಎರಡು ಕಂಬಿಗಳು ಒಳಗೆ ಬೇರೆಯೇ ಆಗಿರಬಲ್ಲವು. ಸುಮಾರು 995 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಬಡಿದು ಹದಮಾಡಿದ ಕಂಬಿಯಲ್ಲಿ ಆಲ್ಫಾ ಸ್ಫಟಿಕಗಳು ದುಂಡಗೆ, ಕೆಲವೇ ಮೈಕ್ರಾನುಗಳ ಗಾತ್ರದಲ್ಲಿರುತ್ತವೆ. ಆ ತಾಪವನ್ನು ದಾಟಿಸಿ ಮೆಲ್ಲನೆ ಆರಿಸಿದರೆ ಅವೇ ತೆಳುಹಲಗೆಗಳಾಗಿ, ಒಂದೊಂದು ದಿಕ್ಕಿಗೆ ಮುಖಮಾಡಿದ ಸಮೂಹಗಳಾಗಿ ನೆಲಸುತ್ತವೆ. ನೀರಿಗೆ ಅದ್ದಿದರೆ ಸೂಜಿಗಳಂತಹ ಮಾರ್ಟೆನ್‌ಸೈಟ್. ಚಿಪ್ಪಿನ ದಪ್ಪ ನೂರು ಮೈಕ್ರಾನು ಎಂದಿಟ್ಟುಕೊಳ್ಳಿ. ದುಂಡು ಸ್ಫಟಿಕಗಳಾದರೆ ಆ ದಪ್ಪದೊಳಗೆ ಅನೇಕ ಅಡಗಿ, ಒಂದರ ಹಟವನ್ನು ಇನ್ನೊಂದು ಸರಿದೂಗಿಸಿ, ಹಲ್ಲುಗಳು ಬಹುಮಟ್ಟಿಗೆ ಸಮವಾಗಿ ಬರುತ್ತವೆ. ಹಲಗೆಗಳ ಸಮೂಹವೋ ಚಿಪ್ಪಿನ ದಪ್ಪವನ್ನೇ ಮೀರಬಲ್ಲುದು. ಆಗ ಹತ್ಯಾರು ಒಂದು ಗಳಿಗೆಯಲ್ಲಿ ಒಂದೇ ಸಮೂಹವನ್ನು ಎದುರಿಸುತ್ತದೆ. ಷಟ್ಕೋನೀಯ ಆಲ್ಫಾ ಸ್ಫಟಿಕಕ್ಕೆ ಸುಲಭವಾಗಿ ಜಾರುವ ದಿಕ್ಕುಗಳು ಕೆಲವೇ ಆದುದರಿಂದ, ಸೌದೆಯನ್ನು ಎಳೆಯ ಗುಂಟ ಸೀಳುವುದಕ್ಕೂ ಅಡ್ಡವಾಗಿ ಕಡಿಯುವುದಕ್ಕೂ ಇರುವಷ್ಟು ಭೇದ ಪಕ್ಕಪಕ್ಕದ ಎರಡು ಸಮೂಹಗಳ ನಡುವೆ ಏರ್ಪಟ್ಟು, ಹಲ್ಲುಗಳ ಅಂತರವೂ ಹತ್ಯಾರಿನ ಮೇಲಣ ಬಲವೂ ಏರುಪೇರಾಗುತ್ತವೆ. ಜಾರುವ ಪದರದ ಅಂಚಿನಲ್ಲಿ ಹಲಗೆಗಳು ಬಾಗಿ ಮಲಗಿರುವುದನ್ನು ಆಮ್ಲದಿಂದ ತೊಳೆದ ಚಿಪ್ಪಿನಲ್ಲಿ ಯಾರಾದರೂ ನೋಡಬಹುದು.

ಸ್ಥಿತಿಸ್ಥಾಪಕತ್ವ ಉಕ್ಕಿನ ಅರ್ಧದಷ್ಟೇ ಇರುವ ಈ ಲೋಹದಲ್ಲಿ ಕಡೆಯುತ್ತಿರುವ ತೆಳು ಬ್ಲೇಡು ಇಂತಹ ಏರುಪೇರಿಗೆ ನಡುಗುವುದು ಸಹಜ. ಕಾರ್ಬೈಡ್ ಮೊನೆಯೂ ಬೇಗ ಸವೆಯುತ್ತದೆ. ವೇಗವನ್ನು ನಿಮಿಷಕ್ಕೆ 60 ಮೀಟರಿನ ಆಸುಪಾಸಿಗೆ ಇಳಿಸುವುದು ನಮ್ಮ ರೂಢಿಯ ಪರಿಹಾರ. ಅದು ತಾಪವನ್ನು ತಗ್ಗಿಸೀತೇ ಹೊರತು ಸಮೂಹಗಳ ದಿಕ್ಕನ್ನು ಬದಲಿಸದು. ಸೂಕ್ಷ್ಮರಚನೆಯ ಛಾಯಾಚಿತ್ರ ಪ್ರಯೋಗಶಾಲೆಯ ಕಡತದಲ್ಲಿ ಉಳಿದು, ಲೇತಿನ ಮುಂದೆ ನಿಂತ ಟರ್ನರಿಗೆ ಮಿಶ್ರಲೋಹದ ಹೆಸರೊಂದೇ ತಲಪುವ ಪದ್ಧತಿ ಇರುವವರೆಗೆ, ದೋಷವನ್ನು ಅವನ ಕೈಗೋ ಯಂತ್ರಕ್ಕೋ ಹೊರಿಸುವುದು ಅನ್ಯಾಯ.

ಪುಡಿಯನ್ನು ಲೇಸರಿನಿಂದ ಪದರಪದರವಾಗಿ ಕರಗಿಸಿ ಕಟ್ಟುವ ಭಾಗಗಳು ವಿಮಾನೋದ್ಯಮದ ಈ ಬೆಂಗಳೂರಿನ ಯಂತ್ರಶಾಲೆಗಳಿಗೂ ಬರತೊಡಗಿರುವಾಗ ಈ ಮಾತು ಇನ್ನೂ ತುರ್ತಿನದು: ಅವುಗಳಲ್ಲಿ ಹೆಚ್ಚಿನ ತಾಪದಲ್ಲಿ ಉಂಟಾದ ಮೂಲ ಬೀಟಾ ಸ್ಫಟಿಕಗಳು ಕಟ್ಟಿದ ದಿಕ್ಕಿಗೆ ಕಂಬಗಳಂತೆ ನಿಮಿರಿ, ಒಳಗೆ ಮಾರ್ಟೆನ್‌ಸೈಟನ್ನು ತುಂಬಿಕೊಂಡಿರುವುದರಿಂದ, ಯಾವ ದಿಕ್ಕಿನಿಂದ ಕೊಯ್ದೆವೆಂಬುದೂ ಲೆಕ್ಕಕ್ಕೆ ಬರುತ್ತದೆ. ಆದಕಾರಣ ಪ್ರತಿಯೊಂದು ಕಂಬಿಯೊಡನೆ ಅದರ ಉಷ್ಣೋಪಚಾರದ ವಿವರವನ್ನೂ ಸೂಕ್ಷ್ಮರಚನೆಯ ಒಂದು ಚಿತ್ರವನ್ನೂ ಯಂತ್ರಶಾಲೆಗೆ ಕಳುಹಿಸತಕ್ಕದ್ದೆಂಬ ನಿರ್ಣಯವನ್ನು ಈ ಸಮ್ಮೇಳನ ಪರಿಗಣಿಸಬೇಕೆಂದು ಪ್ರಾರ್ಥಿಸುತ್ತೇನೆ. ಅದರ ಕರಡನ್ನು ಕಾರ್ಯದರ್ಶಿಗಳಿಗೆ ಒಪ್ಪಿಸಿದ್ದೇನೆ, ಮಧ್ಯಾಹ್ನದ ಗೋಷ್ಠಿಯಲ್ಲಿ ಚರ್ಚೆಯಾಗಲಿ.