ಅಡುಗೆಮನೆಯ ಬೀಗ



ಕ್ರೀಡಾಪಟುವಿನ ಆಹಾರವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಗರಡಿಮನೆಯ ಪೈಲ್ವಾನನ ಚಿತ್ರ. ನಸುಕಿನಲ್ಲೆದ್ದು ಸಾಮು ಮಾಡಿ, ಮಟ್ಟಿಯಲ್ಲಿ ಹೊರಳಾಡಿ, ಅನಂತರ ಹಾಲು, ಅರೆದ ಬಾದಾಮಿ, ತುಪ್ಪ, ಮಾಂಸದ ಸಾರು ಇವುಗಳಿಂದ ಮೈಯನ್ನು ಕಟ್ಟಿಕೊಂಡು ಮೈಸೂರಿನ ದಸರಾ ಕುಸ್ತಿಯ ಕಣಕ್ಕಿಳಿಯುತ್ತಿದ್ದ ಆ ಪುರುಷನ ಸಂಪ್ರದಾಯವನ್ನು ನಾನು ಹೀಗಳೆಯುವವನಲ್ಲ. ಶಿಷ್ಯನ ಊಟವೂ ಸಾಧನೆಯ ಅಂಗವೇ ಎಂಬುದನ್ನು ನಮ್ಮ ಉಸ್ತಾದರು ಯಾವ ಶಾಸ್ತ್ರಗ್ರಂಥವನ್ನೂ ಓದದೆ ಅರಿತಿದ್ದರು. ಆದರೆ ಬಲವು ಯಾವುದೋ ಒಂದು ವಿಶೇಷ ಪದಾರ್ಥದಲ್ಲಿ ಅಡಗಿದೆಯೆಂಬ ಭ್ರಮೆಯೂ ಅದರೊಡನೆಯೇ ಬೇರೂರಿತು. ಅಂದಿನ ಬಾದಾಮಿಯ ಸ್ಥಾನದಲ್ಲಿ ಇಂದು ಪ್ರೋಟೀನ್ ಪುಡಿಯ ಡಬ್ಬಿ ಕುಳಿತಿದೆ, ಅಷ್ಟೆ. ಆ ಡಬ್ಬಿಗಳಿಗೆ ಈ ಸಮ್ಮೇಳನದಲ್ಲಿ ನಾಳೆ ಒಂದು ಗೋಷ್ಠಿಯೇ ಮೀಸಲಾಗಿರುವುದರಿಂದ ನಾನು ಮಾತು ಬೆಳೆಸುವುದಿಲ್ಲ.

ಈ ಭ್ರಮೆ ನಮ್ಮದೊಂದೇ ಅಲ್ಲ. ಸ್ನಾಯುವು ದುಡಿಯುವಾಗ ಸಸಾರಜನಕವನ್ನೇ, ಎಂದರೆ ಪ್ರೋಟೀನನ್ನೇ, ಇಂಧನವಾಗಿ ದಹಿಸುವುದೆಂದು ಜರ್ಮನಿಯ ರಸಾಯನವಿಜ್ಞಾನಿ ಲೀಬಿಗ್ ಸಾರಿದ್ದನು. ಅವನ ಕೀರ್ತಿಯ ಮುಂದೆ ಎದುರುಮಾತನಾಡುವವರು ವಿರಳರಾಗಿದ್ದರು. 1865ರ ಆಗಸ್ಟ್ ತಿಂಗಳಲ್ಲಿ ಜೂರಿಚ್ಚಿನ ಇಬ್ಬರು ಅಧ್ಯಾಪಕರು, ಫಿಕ್ ಮತ್ತು ವಿಸ್ಲಿಸೇನಸ್, ಸಸಾರಜನಕವನ್ನು ಸಂಪೂರ್ಣ ವರ್ಜಿಸಿ, ಕೊಬ್ಬಿನಲ್ಲಿ ಕರಿದ ಪಿಷ್ಟದ ಬಿಲ್ಲೆಗಳನ್ನೂ ಸಕ್ಕರೆ ಬೆರೆಸಿದ ಚಹವನ್ನೂ ಸೇವಿಸಿ, ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಪರ್ವತವನ್ನು ಸುಮಾರು 1,950 ಮೀಟರುಗಳಷ್ಟು ಏರಿದರು. ದಾರಿಯುದ್ದಕ್ಕೂ ತಮ್ಮ ಮೂತ್ರವನ್ನು ಸೀಸೆಗಳಲ್ಲಿ ಸಂಗ್ರಹಿಸಿಕೊಂಡು ಹೋದ ಆ ಗಂಭೀರ ಪ್ರಾಧ್ಯಾಪಕರ ದೃಶ್ಯವನ್ನು ನೆನೆದಾಗಲೆಲ್ಲ ನನಗೆ ನಗೆಯೂ ಗೌರವವೂ ಒಟ್ಟಿಗೇ ಉಂಟಾಗುತ್ತವೆ. ಆ ಮೂತ್ರದಲ್ಲಿದ್ದ ಸಾರಜನಕವನ್ನು ಅಳೆದಾಗ ತಿಳಿದುಬಂದುದಿಷ್ಟು: ಅವರ ದೇಹದಲ್ಲಿ ದಹಿಸಿದ ಸಸಾರಜನಕದಿಂದ ಆ ಆರೋಹಣದ ಶ್ರಮಕ್ಕೆ ಬೇಕಾದ ಶಕ್ತಿ ಒದಗಿರಲು ಸಾಧ್ಯವೇ ಇರಲಿಲ್ಲ. ಮುಂದೆ ನೂರು ವರ್ಷಗಳ ತರುವಾಯ ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಹುಲ್ಟ್‌ಮನ್ ಸ್ನಾಯುವಿನ ತುಣುಕುಗಳನ್ನೇ ಸೂಜಿಯಿಂದ ತೆಗೆದು ಪರೀಕ್ಷಿಸಿ, ದೀರ್ಘಶ್ರಮದಲ್ಲಿ ಬರಿದಾಗುವುದು ಅನ್ನ, ರೊಟ್ಟಿ, ಮುದ್ದೆಗಳಿಂದ ದೇಹ ಕೂಡಿಟ್ಟುಕೊಂಡ ಗ್ಲೈಕೋಜನ್ ಎಂಬ ಇಂಧನದ ಉಗ್ರಾಣವೆಂದು ತೋರಿಸಿದರು. ಆ ಉಗ್ರಾಣ ದೊಡ್ಡದಲ್ಲ, ಸುಮಾರು ಅರ್ಧ ಕಿಲೋಗ್ರಾಮ್. ಯಕೃತ್ತಿನಲ್ಲಿರುವ ಪಾಲಂತೂ ಒಂದು ರಾತ್ರಿಯ ಉಪವಾಸದಲ್ಲಿಯೇ ಬಹುಮಟ್ಟಿಗೆ ಕರಗಿಬಿಡುತ್ತದೆ.

ಅಂಥ ಉಪವಾಸವನ್ನು ನಾನು ಕಣ್ಣಾರೆ ಕಂಡದ್ದುಂಟು. ಕೆಲವು ವರ್ಷಗಳ ಹಿಂದೆ ನಾನು ಒಂದು ಕ್ರೀಡಾ ವಿದ್ಯಾರ್ಥಿನಿಲಯಕ್ಕೆ ಹೋಗಿದ್ದೆನು. ಗೋಡೆಯ ಮೇಲೆ ಅಂದವಾದ ಆಹಾರಪಟ್ಟಿ ತೂಗುತ್ತಿತ್ತು. ಕ್ಯಾಲರಿಗಳ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ರಾತ್ರಿಯ ಊಟ ಏಳೂವರೆಗೆ. ಬೆಳಗಿನ ಐದೂವರೆಗೆ ಹುಡುಗಿಯರು ಒಂದು ಲೋಟ ಟೀ ಕುಡಿದು ಮೈದಾನಕ್ಕೆ. ಅಡುಗೆಮನೆಯ ಬೀಗ ತೆಗೆಯುವುದು ಎಂಟೂವರೆಗೆ. "ಕೊನೇ ಸುತ್ತಿಗೆ ಕಣ್ಣು ಕತ್ತಲೆ ಬರುತ್ತೆ ಸಾರ್, ಅಭ್ಯಾಸ ಆಗಿಹೋಗಿದೆ" ಎಂದಳು ಒಬ್ಬ ಬಾಲಿಕೆ. ಆಕೆಗೆ ಮನೋಬಲ ಸಾಲದೆಂದು ತರಬೇತುದಾರರ ತೀರ್ಮಾನ.

ಇಂಥ ಬಾಲಿಕೆಯರಿಗೆ ಹಸಿವಿನೊಡನೆ ರಕ್ತಹೀನತೆಯ ಕಾಟವೂ ಇರಬಹುದು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 19ರ ವಯಸ್ಸಿನ ಬಾಲಿಕೆಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನರಾಗಿದ್ದರು. ಊಟದೊಡನೆ ಕುಡಿದ ಟೀ ಆಹಾರದ ಕಬ್ಬಿಣವು ಮೈಗೂಡದಂತೆ ಬಹುಮಟ್ಟಿಗೆ ತಡೆಯುತ್ತದೆ. ವೆಚ್ಚವಾದ ಶಕ್ತಿಗೆ ತಕ್ಕ ಅನ್ನ ದೊರೆಯದಿದ್ದರೆ ಮುಟ್ಟು ನಿಲ್ಲುವುದೆಂದೂ, ಎಲುಬು ಶಿಥಿಲವಾಗುವುದೆಂದೂ, ಪುರುಷರೂ ಇದಕ್ಕೆ ಹೊರತಲ್ಲವೆಂದೂ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿಯೇ ಎಚ್ಚರಿಸಿದ್ದಾರೆ. ಆದರೂ ಮುಟ್ಟು ನಿಂತುದನ್ನು ಕಠಿಣ ಅಭ್ಯಾಸದ ಗುರುತೆಂದು ಮೆಚ್ಚುವ ಮಾತು ಮೈದಾನಗಳಲ್ಲಿ ನನ್ನ ಕಿವಿಗೆ ಬಿದ್ದಿದೆ.

ಆ ಹುಡುಗಿಗೆ ಬೇಕಾಗಿದ್ದುದು ಐದು ಗಂಟೆಗೆ ಎರಡು ಬಾಳೆಹಣ್ಣು, ಓಟ ಮುಗಿದೊಡನೆ ಹಾಲು, ಮೊಟ್ಟೆ, ಹೊಟ್ಟೆ ತುಂಬ ಉಪ್ಪಿಟ್ಟು. ಇವುಗಳಲ್ಲಿ ಒಂದೂ ನಮ್ಮ ಅಡುಗೆಮನೆಗಳಿಗೆ ಅಪರಿಚಿತವಲ್ಲ. ಆದುದರಿಂದ ಸಂಘಟಕರಲ್ಲಿ ನನ್ನದೊಂದು ಬಿನ್ನಹ: ನಾಳಿನ ಗೋಷ್ಠಿಯಲ್ಲಿ ತಜ್ಞರ ಸಾಲಿಗೆ ಇನ್ನೊಂದು ಕುರ್ಚಿಯನ್ನು ಸೇರಿಸಿ, ಯಾವುದಾದರೊಂದು ವಿದ್ಯಾರ್ಥಿನಿಲಯದ ಅಡುಗೆಯವರನ್ನು ಕರೆತಂದು ಕೂರಿಸಿ, ಬೀಗದ ಕೈ ಯಾರ ಬಳಿ ಇರುತ್ತದೆಂದು ಮೊದಲು ಕೇಳಿರಿ.