ಎದ್ದು ನಿಂತಾಗ ಒಳಗೆ ನಡೆಯುವ ಕೆಲಸ

(ಸುವರ್ಣ ಮಹೋತ್ಸವದ ಸಭೆಯಲ್ಲಿ ಹಳೆಯ ವಿದ್ಯಾರ್ಥಿ, ವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಹೃದಯದ ಬಗ್ಗೆ ಅರ್ಧ ಗಂಟೆ ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ಅಷ್ಟು ಬೇಡ, ಅಡುಗೆಯ ವಾಸನೆ ಬರುತ್ತಿದೆ. ಒಂದೇ ವಿಷಯ ಹೇಳುತ್ತೇನೆ. ಆಗಲೇ ನಾಡಗೀತೆಗೆ ಎಲ್ಲರೂ ಎದ್ದು ನಿಂತೆವಲ್ಲ, ಆ ಕೆಲವು ಕ್ಷಣಗಳಲ್ಲಿ ನಮ್ಮ ಮೈಯೊಳಗೆ ಏನು ನಡೆಯಿತು ಎಂಬುದು.

ಎದ್ದ ಕೂಡಲೇ ಅರ್ಧ ಲೀಟರಿನಷ್ಟು ರಕ್ತ ಎದೆಯ ಭಾಗದಿಂದ ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತದೆ. ಹೃದಯಕ್ಕೆ ಹಿಂದಿರುಗುವ ರಕ್ತ ಕಡಿಮೆಯಾಗಿ ಒತ್ತಡ ಕುಸಿಯುತ್ತದೆ. ಊರಿನ ಟ್ಯಾಂಕಿನಲ್ಲಿ ನೀರು ಇಳಿದರೆ ಮೊದಲು ಬತ್ತುವುದು ದಿಬ್ಬದ ಮೇಲಿನ ಮನೆಯ ನಲ್ಲಿ. ನಮ್ಮ ಮೈಯಲ್ಲಿ ದಿಬ್ಬದ ಮೇಲಿನ ಮನೆ ಎಂದರೆ ತಲೆ. ಆದರೂ ನಾವು ಯಾರೂ ಬೀಳಲಿಲ್ಲ.

ದವಡೆಯ ಕೆಳಗೆ, ಕತ್ತಿನ ಎರಡೂ ಬದಿಯಲ್ಲಿ, ದೊಡ್ಡ ರಕ್ತನಾಳ ಕವಲೊಡೆಯುವ ಕಡೆ ಅದರ ಗೋಡೆಯಲ್ಲಿ ನರದ ತುದಿಗಳಿವೆ. ಹೃದಯದಿಂದ ಹೊರಡುವ ಮಹಾಧಮನಿಯ ಬಾಗಿನಲ್ಲೂ ಇವೆ. ಒತ್ತಡ ಹೆಚ್ಚಿ ಗೋಡೆ ಹಿಗ್ಗಿದರೆ ಅವು ಹೆಚ್ಚು ಸಂಕೇತ ಕಳಿಸುತ್ತವೆ, ಒತ್ತಡ ಇಳಿದರೆ ಕಡಿಮೆ. ಈ ಸಂಕೇತಗಳು 9 ಮತ್ತು 10ನೆಯ ಕಪಾಲ ನರಗಳ ಮೂಲಕ ಮೆಡುಲ್ಲಾಕ್ಕೆ ಹೋಗುತ್ತವೆ. ಮೆಡುಲ್ಲಾ ಮಿದುಳಿನ ಕಾಂಡದ ಕೊನೆಯ ತುಂಡು, ಉದ್ದ ಸುಮಾರು 3 ಸೆಂಟಿಮೀಟರ್. 'ಹೃದಯ ಬಡಿತವನ್ನು ನಿಯಂತ್ರಿಸುವ ಭಾಗ ಯಾವುದು?' ಎಂಬ ಒಂದು ಅಂಕದ ಪ್ರಶ್ನೆಗೆ ನಾವೆಲ್ಲ ಈ ಹೆಸರನ್ನು ಬಾಯಿಪಾಠ ಮಾಡಿದ್ದೆವು. ಹೇಗೆ ನಿಯಂತ್ರಿಸುತ್ತದೆ ಎಂದು ಪರೀಕ್ಷೆಯಲ್ಲಿ ಕೇಳುತ್ತಿರಲಿಲ್ಲ, ನಾವೂ ಕೇಳಲಿಲ್ಲ.

ಹೇಗೆಂದರೆ, ಕತ್ತಿನಿಂದ ಬರುವ ಸಂಕೇತ ಕಡಿಮೆಯಾದೊಡನೆ ಮೆಡುಲ್ಲಾ ಎರಡು ಕೆಲಸ ಮಾಡುತ್ತದೆ. ಬೆನ್ನುಹುರಿಯ ಮೂಲಕ ಇಳಿಯುವ ನರಗಳಿಗೆ ಹೇಳಿ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡಿಸುತ್ತದೆ, ಹೃದಯ ಜೋರಾಗಿ ಬಡಿಯುವಂತೆ ಮಾಡುತ್ತದೆ. ಜೊತೆಗೆ ವೇಗಸ್ ನರದ ಬ್ರೇಕನ್ನು ಸಡಿಲಿಸುತ್ತದೆ. ನಾಡಗೀತೆಯ ಮೊದಲ ಸಾಲುಗಳು ಮುಗಿಯುವಷ್ಟರಲ್ಲಿ ಇದೆಲ್ಲ ಆಗಿಹೋಗಿರುತ್ತದೆ.

ಬ್ರೇಕು ಎಂದೆ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ 100ರ ಆಸುಪಾಸು ಬಡಿಯುತ್ತದೆ. ಸುಮ್ಮನೆ ಕೂತಾಗ 70ಕ್ಕೆ ನಿಲ್ಲುವುದು ವೇಗಸ್ ಹಿಡಿದಿರುವುದರಿಂದ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಈ ನರ ಕಡಿದುಹೋಗಿರುತ್ತದೆ, ಹಾಗಾಗಿ ಅವರ ನಾಡಿ ವಿಶ್ರಾಂತಿಯಲ್ಲೂ ಜೋರು. ನರ ಹೃದಯಕ್ಕೆ ಹೇಗೆ ಹೇಳುತ್ತದೆ ಎಂಬುದನ್ನು 1921ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಆಟೊ ಲೋವಿ ಎರಡು ಕಪ್ಪೆಗಳ ಹೃದಯ ಇಟ್ಟುಕೊಂಡು ತೋರಿಸಿದರು. ಒಂದರ ವೇಗಸ್ ನರವನ್ನು ಪ್ರಚೋದಿಸಿದರು, ಬಡಿತ ನಿಧಾನವಾಯಿತು. ಅದರ ಸುತ್ತಲಿನ ದ್ರವವನ್ನು ಇನ್ನೊಂದಕ್ಕೆ ಹಾಕಿದರೆ, ನರವನ್ನು ಮುಟ್ಟದೆಯೇ ಅದೂ ನಿಧಾನವಾಯಿತು! ನರ ಒಂದು ರಾಸಾಯನಿಕವನ್ನು ಬಿಡುತ್ತದೆ ಎಂದು ಹೀಗೆ ತಿಳಿಯಿತು. 1936ರಲ್ಲಿ ಅವರಿಗೆ ನೊಬೆಲ್ ಬಂತು. ಈ ಪ್ರಯೋಗ ತಮಗೆ ಕನಸಿನಲ್ಲಿ ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಮಕ್ಕಳೇ, ತರಗತಿಯಲ್ಲಿ ನಿದ್ದೆ ಮಾಡಲು ಇದನ್ನು ನೆಪ ಮಾಡಿಕೊಳ್ಳಬೇಡಿ. ಮಣಿಕಟ್ಟಿನಲ್ಲಿ ನಾಡಿ ಹಿಡಿದು ನಿಧಾನವಾಗಿ ಉಸಿರು ಎಳೆದು ಬಿಡಿ. ಎಳೆದಾಗ ನಾಡಿ ಸ್ವಲ್ಪ ಚುರುಕು, ಬಿಟ್ಟಾಗ ನಿಧಾನ. ಅದೇ ವೇಗಸ್.

ಈಗ ಹಿರಿಯರಿಗೆ. ವಯಸ್ಸಾದಂತೆ, ಸಕ್ಕರೆ ಕಾಯಿಲೆ ಹಳೆಯದಾದಂತೆ ಈ ನರಗಳ ಕೆಲಸ ಮಂದವಾಗುತ್ತದೆ. ಬಿ.ಪಿ.ಯ ಕೆಲವು ಮಾತ್ರೆಗಳು, ಪ್ರಾಸ್ಟೇಟಿಗೆ ಕೊಡುವ ಕೆಲವು ಮಾತ್ರೆಗಳೂ ಒತ್ತಡ ಕುಸಿಯುವಂತೆ ಮಾಡುತ್ತವೆ. ಎದ್ದಾಗ ಕಣ್ಣು ಕತ್ತಲಿಟ್ಟರೆ ನಾವು 'ಪಿತ್ತ' ಎಂದು ನಿಂಬೆಹಣ್ಣಿನ ಪಾನಕ ಕುಡಿದು ಮರೆಯುತ್ತೇವೆ. ನಡುರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಂಡು, ಆಮೇಲೆ ಹಾಸಿಗೆ ಬಿಟ್ಟೇಳದವರು ಎಷ್ಟು ಮಂದಿ ನಮ್ಮ ಮನೆಗಳಲ್ಲಿ! ಮಲಗಿದ್ದವರು ಎದ್ದು ನಿಂತ 3 ನಿಮಿಷದೊಳಗೆ ಬಿ.ಪಿ.ಯ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಪಿತ್ತವಲ್ಲ. ಹೆಚ್ಚಿನ ಕಡೆ ಕೂರಿಸಿ ಮಾತ್ರ ನೋಡುತ್ತಾರೆ, ಗೊತ್ತಾಗುವುದಿಲ್ಲ. 'ನಿಲ್ಲಿಸಿಯೂ ಒಮ್ಮೆ ನೋಡಿ ಡಾಕ್ಟ್ರೇ' ಎಂದು ನೀವೇ ಕೇಳಿ, ಸಂಕೋಚ ಬೇಡ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ರಾತ್ರಿ ಎದ್ದರೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದ ಆಡಿಸಿ ಏಳಿ. ಗಂಡಸರು ಕೂತೇ ಮೂತ್ರ ಮಾಡಿ.

ಬಿಸಿಲಿನ ಪ್ರಾರ್ಥನೆಯಲ್ಲೋ ಸೂಜಿ ಕಂಡೋ ಹುಡುಗರು ಬೀಳುವುದು ಬೇರೆ. ಅಲ್ಲಿ ಬ್ರೇಕು ಬಿಡಬೇಕಾದ ಹೊತ್ತಿನಲ್ಲಿ ಬ್ರೇಕು ಬೀಳುತ್ತದೆ, ನಾಳಗಳೂ ಸಡಿಲವಾಗುತ್ತವೆ. ನೆಲದ ಮೇಲೆ ಉದ್ದಕ್ಕೆ ಮಲಗಿದರೆ ರಕ್ತ ತಾನಾಗಿ ತಲೆಗೆ ಬರುತ್ತದೆ. ನಾವು ಮಾಡುವುದೇನು? ಎತ್ತಿ ಕುರ್ಚಿಯಲ್ಲಿ ಕೂರಿಸಿ, ಕೈಗೆ ಬೀಗದ ಕೈ ಕೊಟ್ಟು, ಮೂಗಿಗೆ ಈರುಳ್ಳಿ ಹಿಡಿಯುತ್ತೇವೆ. ಈರುಳ್ಳಿಯನ್ನು ಸಾರಿಗೆ ಬಿಡಿ. ಮಲಗಿಸಿ, ಕಾಲು ಎತ್ತಿ ಹಿಡಿಯಿರಿ, ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬೇಡಿ. ಓಡುವಾಗ, ಆಡುವಾಗ ಬಿದ್ದರೆ ಅಥವಾ ಎದೆನೋವಿದ್ದರೆ ಮಾತ್ರ ಅದೇ ದಿನ ಇಸಿಜಿ ಮಾಡಿಸಿ.

ಊಟವಾದ ಮೇಲೆ ಹತ್ತನೇ ತರಗತಿಯ ಕೊಠಡಿಯಲ್ಲಿ ಬಿ.ಪಿ. ಯಂತ್ರ ಇಟ್ಟುಕೊಂಡು ಕೂತಿರುತ್ತೇನೆ. 60 ದಾಟಿದವರು ಬನ್ನಿ, ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡೋಣ. ಮಾತ್ರೆಯ ಚೀಟಿ ಮರೆಯದೆ ತನ್ನಿ.