ಕಬ್ಬಿನ ನಾಡಿನ ಐದು ದಿನಗಳು: ಮುಟ್ಟಿನ ಸಾಧನಗಳ ಬೆಲೆ ಮತ್ತು ಆಯ್ಕೆ



ಸಹ್ಯಾದ್ರಿಯಲ್ಲಿ ಹುಟ್ಟುವ ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು ಬೆಳಗಾವಿ ಜಿಲ್ಲೆಯ ಬಯಲಿಗೆ ಇಳಿದೊಡನೆ ಕಬ್ಬಿನ ನಾಡು ಆರಂಭವಾಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬು ನುರಿಸುವ ಕಾಲ ಬಂತೆಂದರೆ ಹೊಲದಂಚಿನಲ್ಲಿ ಕಬ್ಬು ಕಡಿಯುವವರ ಗುಡಿಸಲುಗಳು ಏಳುತ್ತವೆ. ಅಂಥ ಗುಡಿಸಲುಗಳ ಬಳಿ ಬಹುಮಟ್ಟಿಗೆ ಶೌಚಾಲಯವಿರುವುದಿಲ್ಲ, ನಲ್ಲಿಯಿರುವುದಿಲ್ಲ, ಸ್ನಾನಕ್ಕೊಂದು ಮರೆಯೂ ಇರುವುದಿಲ್ಲ. ಮುಟ್ಟಿನ ದಿನಗಳಲ್ಲಿ ಹೆಣ್ಣು ಏನನ್ನು ಬಳಸಬೇಕೆಂಬ ಚರ್ಚೆಯು ಆ ಗುಡಿಸಲಿನಿಂದಲೇ ಆರಂಭವಾಗುವುದು ನ್ಯಾಯ.

ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಸಾವಿರಾರು ಕುಟುಂಬಗಳು ಪ್ರತಿವರ್ಷ ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕದ ಗಡಿಭಾಗಕ್ಕೂ ಕಬ್ಬು ಕಡಿಯಲು ಬರುತ್ತವೆ. ಗಂಡಹೆಂಡಿರನ್ನು ಒಂದು ಜೋಡಿಯೆಂದು ಲೆಕ್ಕ ಹಾಕಿ ಮುಂಗಡ ಕೊಡುವುದು ವಾಡಿಕೆ. ಒಬ್ಬರು ಒಂದು ದಿನ ತಪ್ಪಿಸಿದರೂ ದಂಡ. 2019ರಲ್ಲಿ ಮಹಾರಾಷ್ಟ್ರ ಸರ್ಕಾರವು ನೀಲಂ ಗೋರ್ಹೆಯವರ ನೇತೃತ್ವದಲ್ಲಿ ನೇಮಿಸಿದ ಸಮಿತಿಯು ಬೀಡ್ ಜಿಲ್ಲೆಯಲ್ಲಿ 82,309 ಮಹಿಳಾ ಕಾರ್ಮಿಕರ ಸಮೀಕ್ಷೆ ನಡೆಸಿದಾಗ, ಅವರಲ್ಲಿ 13,861 ಮಂದಿ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದುದು ಕಂಡುಬಂದಿತು. ಅಂದರೆ ಆರು ಮಂದಿಯಲ್ಲಿ ಒಬ್ಬಳು. ಇದರ ಹಿಂದಿನ ಕಾರಣಗಳು ಹಲವು. ಆದರೂ ದಂಡದ ಭಯ, ನೀರಿನ ಅಭಾವ, ಮತ್ತೆ ಮತ್ತೆ ಮರುಕಳಿಸುವ ಸೋಂಕು ಇವೆಲ್ಲವೂ ಸೇರಿ ಮುಟ್ಟನ್ನೇ ಒಂದು ರೋಗವೆಂದು ಭಾವಿಸುವಂತೆ ಮಾಡಿದ್ದನ್ನು ಅಲ್ಲಗಳೆಯಲಾಗದು. ಆಯ್ಕೆಯೇ ಇಲ್ಲದ ಕಡೆ ಹೆಣ್ಣು ತೆರುವ ಬೆಲೆ ಇಷ್ಟು ದೊಡ್ಡದು.

ಇನ್ನು ಹಣದ ಲೆಕ್ಕ. ಒಂದು ಪ್ಯಾಡಿಗೆ 5 ರೂಪಾಯಿ, ತಿಂಗಳಿಗೆ 15 ಪ್ಯಾಡು ಎಂದು ಹಿಡಿದರೆ ಒಬ್ಬಳಿಗೆ ತಿಂಗಳಿಗೆ 75, ವರ್ಷಕ್ಕೆ 900 ರೂಪಾಯಿ. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದು 2,700 ರೂಪಾಯಿ. ನಿಪ್ಪಾಣಿಯಲ್ಲಿ ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಎಣಿಸುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಸಂತೆಯ ಚೀಟಿಯಲ್ಲಿ ಎಣ್ಣೆ, ಬೇಳೆ, ಚಹಾಪುಡಿ ಬರೆದಾದ ಮೇಲೆ ಮೊದಲು ಹೊಡೆದುಹಾಕುವ ಸಾಲು ಇದೇ ಆಗಿರುತ್ತದೆ. ಏಕೆಂದರೆ ಅದನ್ನು ಬಾಯಿಬಿಟ್ಟು ಕೇಳಲು ನಾಚಿಕೆ, ಹಣದ ಚೀಲ ಮತ್ತೊಬ್ಬರ ಕೈಯಲ್ಲಿ.

ಸರ್ಕಾರಗಳು ಏನೂ ಮಾಡಿಲ್ಲವೆಂದಲ್ಲ. 2017ರಲ್ಲಿ ಪ್ಯಾಡುಗಳ ಮೇಲೆ ಶೇ. 12ರಷ್ಟು ಜಿ.ಎಸ್.ಟಿ. ವಿಧಿಸಲಾಗಿತ್ತು; ಮಹಿಳೆಯರ ತೀವ್ರ ವಿರೋಧದ ತರುವಾಯ 2018ರ ಜುಲೈನಲ್ಲಿ ಅದನ್ನು ರದ್ದುಪಡಿಸಲಾಯಿತು. ಜನೌಷಧಿ ಕೇಂದ್ರಗಳಲ್ಲಿ ದೊರೆಯುವ ‘ಸುವಿಧಾ’ ಪ್ಯಾಡಿನ ಬೆಲೆಯನ್ನು 2019ರ ಆಗಸ್ಟ್‌ನಲ್ಲಿ 1 ರೂಪಾಯಿಗೆ ಇಳಿಸಲಾಯಿತು. ಕರ್ನಾಟಕವು 2013-14ರಲ್ಲಿ ಆರಂಭಿಸಿದ ‘ಶುಚಿ’ ಯೋಜನೆಯು ಶಾಲೆ ಮತ್ತು ವಸತಿನಿಲಯಗಳ ಬಾಲಕಿಯರಿಗೆ ಉಚಿತ ಪ್ಯಾಡು ನೀಡಿತು. ಕೊರೊನಾ ಕಾಲದಲ್ಲಿ ನಿಂತುಹೋದ ಆ ಯೋಜನೆ 2024ರಲ್ಲಿ ಮತ್ತೆ ಚಾಲನೆ ಪಡೆಯಿತು. ಯೋಜನೆ ನಿಂತ ವರ್ಷಗಳಲ್ಲಿ ಮುಟ್ಟು ನಿಲ್ಲಲಿಲ್ಲ ಎಂಬುದನ್ನು ಮರೆಯಬಾರದು. ಶಾಲೆ ಬಿಟ್ಟು ಬೀಡಿ ಕಟ್ಟುವ, ಕಬ್ಬಿನ ಹೊರೆ ಹೊರುವ ಬಾಲಕಿಯ ಕೈಗೆ ಶಾಲೆಯಲ್ಲಿ ಹಂಚುವ ಪೊಟ್ಟಣ ತಲುಪದು.

ಪರಿಸರದ ಮಾತೂ ಇಲ್ಲಿದೆ. ಪೇಟೆಯ ಸಾಮಾನ್ಯ ಪ್ಯಾಡಿನ ಮೇಲುಹೊದಿಕೆ, ತಳದ ಹಾಳೆ, ದ್ರವವನ್ನು ಹೀರಿ ಹಿಡಿದಿಡುವ ಪುಡಿ ಇವು ಬಹುಪಾಲು ಪೆಟ್ರೋಲಿಯಂ ಮೂಲದ ವಸ್ತುಗಳು. ಮಣ್ಣಿನಲ್ಲಿ ಹೂತರೂ ಬೇಗ ಕರಗವು. ಸೌದೆಯ ಒಲೆಯಲ್ಲಿ ಸುಟ್ಟರೆ ವಿಷಕಾರಿ ಹೊಗೆ. ಬಳಸಿದ ಪ್ಯಾಡನ್ನು ಸುತ್ತಿ ಎಸೆಯಲು ತಯಾರಕರೇ ಹೊದಿಕೆ ಒದಗಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಹಾಗಿದ್ದರೂ ಕಸದ ಗಾಡಿಯೇ ಬಾರದ ಹಳ್ಳಿಯಲ್ಲಿ ಸುತ್ತಿದ ಪೊಟ್ಟಣ ಹೋಗುವುದು ಹಳ್ಳಕ್ಕೇ. ಮೇಲಿನ ಗುಡ್ಡದ ಹಳ್ಳಕ್ಕೆ ಎಸೆದುದು ಕೆಳಗಿನ ಬಯಲಿನ ಹೊಳೆಯನ್ನು ಸೇರುತ್ತದೆ.

ಹಾಗೆಂದು ಪರಿಸರದ ಹೆಸರಿನಲ್ಲಿ ಎಲ್ಲರೂ ಬಟ್ಟೆಗೆ ಮರಳಬೇಕೆಂದು ಅಪ್ಪಣೆ ಕೊಡುವುದು ಸುಲಭ, ಆದರೆ ಸರಿಯಲ್ಲ. ಅಜ್ಜಿಯ ಕಾಲದ ಹತ್ತಿಯ ಸೀರೆಯ ತುಂಡು ಒಳ್ಳೆಯ ಸಾಧನವೇ. ಅದಕ್ಕೆ ಬೇಕಾದುದು ಸಾಬೂನು, ಧಾರಾಳ ನೀರು ಮತ್ತು ಬಿಸಿಲು. ಹಿತ್ತಿಲ ಮೂಲೆಯಲ್ಲಿ, ಇತರ ಬಟ್ಟೆಗಳ ಅಡಿಯಲ್ಲಿ ಅಡಗಿಸಿ ಒಣಗಿಸಿದ ಬಟ್ಟೆ ರೋಗಕ್ಕೆ ದಾರಿಯಾಗಬಲ್ಲದು. 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ಪ್ರವಾಹವು ಈ ತಾಲ್ಲೂಕುಗಳ ನದಿತೀರದ ಊರುಗಳನ್ನು ಮುಳುಗಿಸಿದಾಗ ಜನ ಶಾಲೆಗಳಲ್ಲಿ, ಸಮುದಾಯ ಭವನಗಳಲ್ಲಿ ಆಶ್ರಯ ಪಡೆದರು. ಅಂಥ ಎಡೆಯಲ್ಲಿ ಬಟ್ಟೆ ಒಗೆಯುವುದೆಲ್ಲಿ, ಒಣಗಿಸುವುದೆಲ್ಲಿ? ಆಗ ಪ್ಯಾಡೇ ಮಾನ ಕಾಯುವ ವಸ್ತು.

ಮೂರನೆಯದು ಮುಟ್ಟಿನ ಕಪ್. ವೈದ್ಯಕೀಯ ಸಿಲಿಕೋನ್‌ನಿಂದ ಮಾಡಿದ ಈ ಬಟ್ಟಲನ್ನು ಕುದಿಸಿ ಶುಚಿಗೊಳಿಸಿ ಹಲವು ವರ್ಷ ಬಳಸಬಹುದು. ಒಮ್ಮೆ ತೆತ್ತ ಕೆಲವು ನೂರು ರೂಪಾಯಿಗಳು ಮುಂದಿನ ಖರ್ಚನ್ನು ಉಳಿಸುತ್ತವೆ. 43 ಅಧ್ಯಯನಗಳನ್ನು ಪರಿಶೀಲಿಸಿ 2019ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪತ್ರಿಕೆ ಪ್ರಕಟಿಸಿದ ಸಮೀಕ್ಷೆಯು ಇದು ಸುರಕ್ಷಿತವೆಂದೇ ಹೇಳಿತು. ಆದರೆ ಬಳಕೆಯ ಮೊದಲ ತಿಂಗಳುಗಳಲ್ಲಿ ಹೇಳಿಕೊಡುವವರು ಬೇಕು. ವಂಕಿ ಧರಿಸಿದವರು ವೈದ್ಯರ ಸಲಹೆ ಪಡೆಯಬೇಕು. ಕನ್ಯತ್ವದ ಹೆಸರಿನಲ್ಲಿ ಬೆದರಿಸುವುದೂ, ಆಧುನಿಕತೆಯ ಹೆಸರಿನಲ್ಲಿ ಒತ್ತಾಯಿಸುವುದೂ ಎರಡೂ ತಪ್ಪು.

ಬಟ್ಟೆಯೋ, ಪ್ಯಾಡೋ, ಕಪ್ಪೋ ಎಂಬುದನ್ನು ನಿರ್ಧರಿಸಬೇಕಾದವಳು ಧರಿಸುವವಳೇ. ಗಂಡನಲ್ಲ, ಅತ್ತೆಯಲ್ಲ, ಜಾಹೀರಾತಲ್ಲ, ಪರಿಸರ ಸಂಘಟನೆಯೂ ಅಲ್ಲ. ಆದರೆ ಆಕೆಯ ನಿರ್ಧಾರಕ್ಕೆ ನೆಲೆ ಒದಗಿಸುವುದು ಊರಿನ ಹೊಣೆ. ಗ್ರಾಮಸಭೆಯಲ್ಲಿ ಶಾಲಾ ಶೌಚಾಲಯದ ನೀರನ್ನೂ, ಒಂದು ರೂಪಾಯಿಯ ಪ್ಯಾಡು ಊರಿಗೆ ತಲುಪುವ ಬಗೆಯನ್ನೂ, ಬಳಸಿದ ಪ್ಯಾಡುಗಳ ಪ್ರತ್ಯೇಕ ಸಂಗ್ರಹವನ್ನೂ ಕೇಳಬೇಕು. ಕಬ್ಬು ಕಡಿಯುವ ತಂಡ ಬಂದಿಳಿಯುವ ಮುನ್ನ ಮರೆಯುಳ್ಳ ಶೌಚಾಲಯವಿದೆಯೇ ಎಂದು ಕಾರ್ಖಾನೆಯನ್ನು ಪ್ರಶ್ನಿಸಬೇಕು. ಹೊಳೆಯನ್ನು ಉಳಿಸುವ ಭಾರವನ್ನೆಲ್ಲ ಹೆಣ್ಣಿನ ಮೈಮೇಲೆ ಹೊರಿಸುವ ಪರಿಸರ ಪ್ರೇಮ ಅಪೂರ್ಣ. ಅಂಗಳದ ತಂತಿಯ ಮೇಲೆ, ಉಳಿದ ಬಟ್ಟೆಗಳ ಸಾಲಿನಲ್ಲಿ ಆ ಬಟ್ಟೆಯೂ ಬಿಸಿಲಿಗೆ ಒಣಗುವ ದಿನ ಬಂದರೆ ಆಯ್ಕೆಯ ಮಾತಿಗೆ ಅರ್ಥ ಬರುತ್ತದೆ.